ಕಂದಿಕೆರೆಯ ಕುರುಕ್ಷೇತ್ರ, ಪ್ಯಾರಿಸ್ಸಿನ ಕಲ್ಲಚ್ಚು

ತಿಪಟೂರಿನ ಮಾರುಕಟ್ಟೆ ರಸ್ತೆಯಲ್ಲಿ ಮೊದಲು ಎದುರುಗೊಳ್ಳುವುದು ವಾಸನೆ. ಸಿಹಿಯೂ ಕಮಟೂ ಬೆರೆತ, ಬಿಸಿಲಿಗೆ ಇನ್ನಷ್ಟು ಗಟ್ಟಿಯಾದ ಕೊಬ್ಬರಿ ವಾಸನೆ. ಗೋಣಿಚೀಲ ಹೊತ್ತ ಹಮಾಲರು ಬೆನ್ನು ಬಗ್ಗಿಸಿ ಓಡುತ್ತಿದ್ದಾರೆ. ಅಂಗಡಿ ಮುಂದೆ ಒಬ್ಬರು ಚೀಲದಿಂದ ಒಂದು ಉಂಡೆ ಎತ್ತಿ, ಕಿವಿಯ ಹತ್ತಿರ ತಟ್ಟಿ, ಏನೂ ಹೇಳದೆ ವಾಪಸ್ ಹಾಕುತ್ತಾರೆ. ಅಷ್ಟರಲ್ಲೇ ಏನೋ ತೀರ್ಮಾನವಾಗಿದೆ ಎಂದು ಎದುರಿಗೆ ನಿಂತ ರೈತನ ಮುಖ ನೋಡಿದರೆ ಗೊತ್ತಾಗುತ್ತದೆ.

ಈ ಊರಿನಲ್ಲೇ 1923ರಲ್ಲಿ ನರಸಿಂಹರಾಜು ಹುಟ್ಟಿದ್ದು. ಸಣಕಲು ಮೈ, ಮುಂದಕ್ಕೆ ಚಾಚಿದ ಹಲ್ಲು, ತುಟಿ ಬಿಚ್ಚುವ ಮೊದಲೇ ನಗೆ ಹುಟ್ಟಿಸುವ ಮುಖ. ಗುಬ್ಬಿ ಕಂಪನಿಯ ಅಂಗಳದಲ್ಲಿ ಪಳಗಿ, ರಾಜಕುಮಾರ್ ನಾಯಕರಾದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’ದಲ್ಲೇ ಹಾಸ್ಯಕ್ಕೆ ನಿಂತವರು. ವ್ಯಂಗ್ಯಚಿತ್ರಗಾರರು ಬರೆಯುವುದಕ್ಕೂ ಮುಂಚೆ ದೇವರೇ ಬರೆದು ಕಳಿಸಿದ ವ್ಯಂಗ್ಯಚಿತ್ರ ಅವರು ಅಂತ ನನಗೆ ಯಾವಾಗಲೂ ಅನ್ನಿಸಿದೆ.

ನನ್ನ ಹೆಗಲಚೀಲದಲ್ಲಿ ಇನ್ನೊಬ್ಬ ನಗಿಸುವವನಿದ್ದಾನೆ. ಫ್ರಾನ್ಸಿನ ಓನೋರೆ ದೋಮಿಯೆ. 1808ರಲ್ಲಿ ಮಾರ್ಸೇಲ್ಸಿನಲ್ಲಿ ಹುಟ್ಟಿ, ಪ್ಯಾರಿಸ್ಸಿನ ಪತ್ರಿಕೆಗಳಿಗಾಗಿ ಸುಮಾರು ನಾಲ್ಕು ಸಾವಿರ ಕಲ್ಲಚ್ಚಿನ ಚಿತ್ರ ಬರೆದು, ಕೊನೆಗೆ ಕಣ್ಣು ಮಂಜಾಗಿ 1879ರಲ್ಲಿ ತೀರಿಕೊಂಡವನು. ಅವನ ರಂಗಭೂಮಿ ಚಿತ್ರಗಳ ದಪ್ಪ ಪುಸ್ತಕವೊಂದನ್ನು ಹೊತ್ತುಕೊಂಡು ನಾನು ಹೊರಟಿರುವುದು ಚಿಕ್ಕನಾಯಕನಹಳ್ಳಿ ತಾಲೂಕಿನ ಕಂದಿಕೆರೆಗೆ, ರಾತ್ರಿಯ ಪೌರಾಣಿಕ ನಾಟಕ ನೋಡಲು. ಈ ಎರಡಕ್ಕೂ ಏನು ಸಂಬಂಧ ಎಂದು ಪಕ್ಕದ ಸೀಟಿನವರು ಕೇಳಿದ್ದರೆ ಹೇಳುವುದು ಕಷ್ಟವಿತ್ತು. ಪುಣ್ಯಕ್ಕೆ ಅವರು ನಿದ್ದೆ ಹೋಗಿದ್ದಾರೆ.

ಬಸ್ಸು ಚಿಕ್ಕನಾಯಕನಹಳ್ಳಿಯ ಕಡೆ ಹೊರಳುತ್ತದೆ. ಎಡಕ್ಕೂ ಬಲಕ್ಕೂ ತೆಂಗು. ಸಾಲು ಸಾಲಾಗಿ ನಿಂತ ಕಂಬಗಳ ನಡುವೆ ಬಿಸಿಲು ಪಟ್ಟೆ ಪಟ್ಟೆಯಾಗಿ ಹಾಯುತ್ತದೆ. ಬಸ್ಸು ಓಡಿದ ಹಾಗೆಲ್ಲ ಕಣ್ಣ ಮುಂದೆ ಬೆಳಕು ಕತ್ತಲೆ, ಬೆಳಕು ಕತ್ತಲೆ. ತೋಟದ ನಡುವೆ ಒಂದು ಹೆಂಚಿನ ಮನೆ, ಅದರ ಮುಂದೆ ಸುಲಿದ ಮಟ್ಟೆಯ ಗುಡ್ಡೆ, ಗುಡ್ಡೆಯ ತುದಿಯಲ್ಲಿ ಒಂದು ಹುಂಜ. ದೂರದಲ್ಲಿ ಗುಡ್ಡದ ಸಾಲು ನೀಲಿಯಾಗಿ ಏಳುತ್ತದೆ. ಮದಲಿಂಗನ ಕಣಿವೆ ಇರುವುದು ಇದೇ ತಾಲೂಕಿನಲ್ಲಿ. ಮಾಸ್ತಿಯವರು ಅದರ ಹೆಸರಿನಲ್ಲೇ ಒಂದು ಕಾವ್ಯ ಬರೆದರು. ಅದಿರಿಗಾಗಿ ಗುಡ್ಡಗಳನ್ನು ಬಗೆದ ಕೆಂಪು ಗಾಯಗಳೂ ಇದೇ ಸೀಮೆಯಲ್ಲಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳ ಸದ್ದು ಅಡಗಿತ್ತು.

ಕಂದಿಕೆರೆಯಲ್ಲಿ ಇಳಿದ ಕೂಡಲೇ ಕಣ್ಣಿಗೆ ಹೊಡೆಯುವುದು ಫ್ಲೆಕ್ಸು. ಕಡುನೇರಳೆ ಆಕಾಶ, ಅದರಲ್ಲಿ ಏಳು ಕುದುರೆಯ ರಥ, ರಥದ ಸುತ್ತ ಪಾಸ್‌ಪೋರ್ಟ್ ಅಳತೆಯ ಮುಖಗಳು. ಪ್ರತಿ ಮುಖದ ಕೆಳಗೆ ಪಾತ್ರದ ಹೆಸರು. ಭೀಷ್ಮರು ಚೆಕ್ಸ್ ಅಂಗಿ ಹಾಕಿದ್ದಾರೆ. ಶಕುನಿ ಕೂಲಿಂಗ್ ಗ್ಲಾಸ್ ಧರಿಸಿದ್ದಾನೆ. ದುರ್ಯೋಧನನ ಮುಖ ಮಾತ್ರ ಬೇರೆಲ್ಲರ ಮುಖಕ್ಕಿಂತ ಎರಡು ಪಟ್ಟು ದೊಡ್ಡದು.

ಟೀ ಅಂಗಡಿಯ ಬೆಂಚಿನಲ್ಲಿದ್ದವರನ್ನು ಕೇಳುತ್ತೇನೆ, ನಾಟಕ ಎಷ್ಟು ಗಂಟೆಗೆ?

“ಕರಪತ್ರದಾಗೆ ಎಂಟೂವರೆ ಅಂತ ಐತೆ ಸಾ. ನೀವು ಉಂಡ್ಕಂಡು ಹತ್ತೂವರೆಗೆ ಬನ್ನಿ. ಬೆಳಿಗ್ಗೆ ತಂಕ ನಡೀತೈತೆ.”

“ದುರ್ಯೋಧನನ ಫೋಟೋ ಯಾಕೆ ಅಷ್ಟು ದೊಡ್ಡದು?”

“ಪಾತ್ರಕ್ಕೆ ಜಾಸ್ತಿ ದುಡ್ಡು ಕೊಟ್ಟವ್ರೆ ಸಾ, ಅದಕ್ಕೆ.”

ಈ ಸೀಮೆಯ ನಾಟಕದ ಅರ್ಥಶಾಸ್ತ್ರ ಗೊತ್ತಿಲ್ಲದವರಿಗೆ ಒಂದು ಮಾತು. ಪೇಟೆಯಲ್ಲಿ ನಟನಿಗೆ ಸಂಬಳ ಕೊಡುತ್ತಾರೆ. ಇಲ್ಲಿ ನಟನೇ ದುಡ್ಡು ಕೊಡುತ್ತಾನೆ. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ಸ್ತ್ರೀಪಾತ್ರಧಾರಿಗಳ ಖರ್ಚು, ಮೈಕು, ಊಟ, ಎಲ್ಲವೂ ಪಾತ್ರಗಳ ಮೇಲೆ ಹಂಚಿಕೆಯಾಗುತ್ತದೆ. ದುರ್ಯೋಧನ, ಕೃಷ್ಣ, ಭೀಮ ದುಬಾರಿ. ತಿಂಗಳುಗಟ್ಟಲೆ ತಾಲೀಮು. ಹಗಲು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು ರಾತ್ರಿ ಕಂದ ಪದ್ಯಕ್ಕೆ ಶ್ರುತಿ ಹಿಡಿಯುತ್ತಾನೆ.

ಹತ್ತೂವರೆಗೆ ಇನ್ನೂ ಹೊತ್ತಿದೆ. ಟೀ ಅಂಗಡಿಯಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ತೋಟಕ್ಕೆ ಕರೆದುಕೊಂಡು ಹೋಗುತ್ತಾರೆ. ಸಂಜೆಯ ಓರೆ ಬೆಳಕಿನಲ್ಲಿ ಗರಿಗಳು ತಾಮ್ರದ ಬಣ್ಣಕ್ಕೆ ತಿರುಗಿವೆ. ಮನೆಯ ಅಟ್ಟದ ಮೇಲೆ ಕಾಯಿಗಳ ರಾಶಿ. ಒಂದು ವರ್ಷದ ಹತ್ತಿರ ಹತ್ತಿರ ಅವು ಅಲ್ಲೇ ಕತ್ತಲಲ್ಲಿ ಮಲಗಿರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ತಾನಾಗಿ ಬಿಟ್ಟುಕೊಂಡು ಉಂಡೆಯಾಗಬೇಕು. ಹಿರಿಯರು ಒಂದು ಕಾಯಿ ಎತ್ತಿ ನನ್ನ ಕಿವಿಯ ಪಕ್ಕ ಅಲ್ಲಾಡಿಸುತ್ತಾರೆ. ಗಡ ಗಡ. “ಇದು ಆಗೈತೆ.” ಇನ್ನೊಂದು. ಸದ್ದಿಲ್ಲ. “ಇದಿನ್ನೂ ಹಸಿ.” ಬೆಳಿಗ್ಗೆ ತಿಪಟೂರಿನಲ್ಲಿ ಅಂಗಡಿಯವರ ಕಿವಿ ಏನು ಕೇಳುತ್ತಿತ್ತು ಎಂಬುದು ಈಗ ತಿಳಿಯಿತು.

ಜಗಲಿಯಲ್ಲಿ ಕೂತು ಚೀಲದಿಂದ ಪುಸ್ತಕ ತೆಗೆಯುತ್ತೇನೆ. ಹಿರಿಯರ ಮೊಮ್ಮಗಳು, ಪಿಯುಸಿ ಓದುತ್ತಿರುವ ಹುಡುಗಿ, ಪಕ್ಕಕ್ಕೆ ಬಂದು ಕೂರುತ್ತಾಳೆ. ಕಲ್ಲಲ್ಲಿ ಚಿತ್ರ ಅಚ್ಚು ಹಾಕುವುದು ಹೇಗೆ ಎಂದು ಕೇಳುತ್ತಾಳೆ. ಎಣ್ಣೆ ನೀರಿಗೆ ಸೇರುವುದಿಲ್ಲ, ಇಷ್ಟೇ ಗುಟ್ಟು. ನಯವಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಮೇಲೆ ಗೋಂದೂ ಆಮ್ಲವೂ ಬೆರೆತ ದ್ರಾವಣ ಸವರುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಎಳೆದರೆ, ಜಿಡ್ಡಿದ್ದ ಕಡೆ ಮಸಿ ಕೂರುತ್ತದೆ, ನೀರಿದ್ದ ಕಡೆ ಜಾರುತ್ತದೆ. ಕಾಗದ ಹಾಸಿ ಒತ್ತಿದರೆ ಚಿತ್ರ. ಉಳಿ ಬೇಡ, ಕೆತ್ತನೆ ಬೇಡ. ಕೈ ಎಷ್ಟು ಬೇಗ ಓಡುತ್ತದೋ ಅಷ್ಟು ಬೇಗ ನಾಳೆಯ ಪತ್ರಿಕೆಗೆ ನಗೆ ತಯಾರು.

ಈ ವಿದ್ಯೆ ಹುಟ್ಟಿದ್ದೇ ನಾಟಕದ ಮನೆಯಲ್ಲಿ. ಇದನ್ನು ಕಂಡುಹಿಡಿದ ಅಲೋಯ್ಸ್ ಸೆನೆಫೆಲ್ಡರ್ ಒಬ್ಬ ನಟನ ಮಗ, ತಾನೂ ನಾಟಕಕಾರ. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತ 1790ರ ದಶಕದ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಕಲ್ಲಿನ ಬಳಿಗೆ ಬಂದ. ಅವನ ನಾಟಕಗಳನ್ನು ಈಗ ಯಾರೂ ಓದುವುದಿಲ್ಲ. ಅವನ ಕಲ್ಲು ಮಾತ್ರ ಮಂಗಳೂರಿನ ತನಕ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಆ ಹೊತ್ತಿಗೆ ಪ್ಯಾರಿಸ್ಸಿನ ಕಲ್ಲುಗಳ ಮೇಲೆ ದೋಮಿಯೆ ಗ್ರೀಕ್ ಪುರಾಣದ ವೀರರ ಮಾನ ಹರಾಜು ಹಾಕುತ್ತಿದ್ದ.

ಹುಡುಗಿ ಬೆರಳಿಟ್ಟಿರುವುದು ಅದೇ ಮಾಲೆಯ ಒಂದು ಚಿತ್ರದ ಮೇಲೆ. 1841ರದು. ಟ್ರಾಯ್ ಯುದ್ಧ ಗೆದ್ದ ಮೆನೆಲಾಸ್ ಹೆಂಡತಿ ಹೆಲೆನಳನ್ನು ಕರೆದುಕೊಂಡು ಬರುತ್ತಿದ್ದಾನೆ. ಹಿಂದೆ ಸುಟ್ಟ ಊರಿನ ಹೊಗೆ. ಗೆದ್ದ ರಾಜನ ಹೊಟ್ಟೆ ಕೊಬ್ಬರಿ ತುಂಬಿ ಬಾಯಿ ಹೊಲಿದ ಚೀಲದ ಹಾಗೆ ಮುಂದಕ್ಕೆ ಬಂದಿದೆ. ಪಕ್ಕದಲ್ಲಿ ನಡೆಯುವ ಹೆಲೆನ್ ಅವನ ಕಡೆ ತಿರುಗಿ ಮೂಗಿನ ಮೇಲೆ ಹೆಬ್ಬೆರಳಿಟ್ಟು ಅಣಕಿಸುತ್ತಿದ್ದಾಳೆ.

“ಇಂಥಾ ಹೆಂಗಸಿಗಾಗಿ ಯುದ್ಧ ಮಾಡಿದ್ನಾ ಇವ್ನು?” ಹಿರಿಯರು ಕೇಳುತ್ತಾರೆ.

“ತಾತ, ಇಂಥಾ ಗಂಡಸಿಗಾಗಿ ಅವ್ಳು ವಾಪಸ್ ಬಂದ್ಳಾ ಅಂತ ಕೇಳು,” ಮೊಮ್ಮಗಳು ಅನ್ನುತ್ತಾಳೆ.

ದೋಮಿಯೆ ರಾಜಕೀಯ ಬಿಟ್ಟು ಬೀದಿಗೆ, ರಂಗಕ್ಕೆ ಬಂದದ್ದು ಖುಷಿಯಿಂದಲ್ಲ. ರಾಜ ಲೂಯಿ ಫಿಲಿಪ್ಪನನ್ನು ಜನರ ಬೆವರು ನುಂಗುವ ಹೊಟ್ಟೆಬಾಕ ದೈತ್ಯನಾಗಿ ಬರೆದದ್ದಕ್ಕೆ 1832ರಲ್ಲಿ ಆರು ತಿಂಗಳ ಸಜೆಯಾಯಿತು. 1835ರಲ್ಲಿ ಹೊಸ ಕಾನೂನು ಬಂದು ರಾಜಕೀಯ ವ್ಯಂಗ್ಯಚಿತ್ರಕ್ಕೆ ಬೀಗ ಬಿತ್ತು. ಅವನ ಸಂಪಾದಕ ಶಾರ್ಲ್ ಫಿಲಿಪೋನ್ ಘಾಟಿ ಮನುಷ್ಯ. ರಾಜನನ್ನು ಬರೆಯಬೇಡಿ ತಾನೇ? ಸರಿ, ಕಳ್ಳನನ್ನು ಬರೆಯೋಣ ಅಂದ. ಫ್ರೆಡೆರಿಕ್ ಲೆಮೆತ್ರ ಎಂಬ ಮಹಾನಟ ರಂಗದ ಮೇಲೆ ಕುಣಿಸಿ ಕುಣಿಸಿ ಜನಪ್ರಿಯಗೊಳಿಸಿದ್ದ ರೋಬೆರ್ ಮಾಕೇರ್ ಎಂಬ ಠಕ್ಕನ ಪಾತ್ರವಿತ್ತು. ನಾಟಕಕ್ಕೆ ಸರ್ಕಾರ ನಿಷೇಧ ಹಾಕಿತು. ರಂಗದಿಂದ ಓಡಿಸಿದ ಕಳ್ಳನನ್ನು ದೋಮಿಯೆ ಕಲ್ಲಿನ ಮೇಲೆ ಹತ್ತಿಸಿದ. ‘ಶಾರಿವಾರಿ’ ಪತ್ರಿಕೆಯಲ್ಲಿ ಸುಮಾರು ನೂರು ಚಿತ್ರಗಳಲ್ಲಿ ಆ ಕಳ್ಳ ಬ್ಯಾಂಕರ್ ಆದ, ವಕೀಲನಾದ, ವೈದ್ಯನಾದ, ಷೇರು ಮಾರುವವನಾದ. ನಿಷೇಧಿಸಿದವರಿಗೆ ಕಾಗದದ ಮೇಲೆ ತಮ್ಮದೇ ಮುಖ ಕಂಡಿರಬೇಕು.

ತುಮಕೂರು ಸೀಮೆಯವರಿಗೆ ರಂಗದ ಕಳ್ಳ ಹೊಸಬನಲ್ಲ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರು ಮೆರೆದದ್ದು ರಾಜಕುಮಾರನ ಪಾತ್ರದಲ್ಲಲ್ಲ, ಕಳ್ಳನ ಪಾತ್ರದಲ್ಲಿ. ಜನ ಕಾಯುತ್ತಿದ್ದದ್ದೂ ಆ ಕಳ್ಳನ ಬರವಿಗೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ ಆಡಿತು. ಅದರ ನೆರಳು ಈಗಲೂ ಈ ಹಳ್ಳಿಗಳ ಮೇಲೆ ಬಿದ್ದಿದೆ. ಇಲ್ಲಿ ಪ್ರತಿ ಬೇಸಿಗೆಯೂ ಕುರುಕ್ಷೇತ್ರ.

ಕತ್ತಲಾಗಿದೆ. ಬಯಲಿನ ಕಡೆಯಿಂದ ಹಾರ್ಮೋನಿಯಂ ಕೇಳಿಸುತ್ತಿದೆ. ರಂಗದ ಹಿಂಭಾಗಕ್ಕೆ ಹೋಗಲು ಅನುಮತಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಅರ್ಧ ಊರು ಆಗಲೇ ಅಲ್ಲಿದೆ.

ಎರಡು ಟ್ಯೂಬ್‌ಲೈಟಿನ ಕೆಳಗೆ ಚಾಪೆ. ಬಣ್ಣದ ಮೇಷ್ಟ್ರ ಮುಂದೆ ಸಣ್ಣ ಸಣ್ಣ ಬಟ್ಟಲು: ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಎಲ್ಲಕ್ಕೂ ಕೊಬ್ಬರಿ ಎಣ್ಣೆ. ಭೀಮ ಕಣ್ಣು ಮುಚ್ಚಿ ಕೂತಿದ್ದಾನೆ; ಅವನ ಹಣೆಯ ಮೇಲೆ ಮೇಷ್ಟ್ರ ಉಂಗುರಬೆರಳು ಒಂದೇ ಎಳೆತದಲ್ಲಿ ಹುಬ್ಬನ್ನು ಕಿವಿಯ ತನಕ ಒಯ್ಯುತ್ತದೆ. ಬಲಗಡೆ ಹುಬ್ಬು ಮುಗಿಯಿತು, ಎಡಗಡೆ ಇನ್ನೂ ಇಲ್ಲ. ಅರ್ಧ ಮುಖ ಭೀಮ, ಅರ್ಧ ಮುಖ ಹಾಲಿನ ಡೇರಿಯ ಕಾರ್ಯದರ್ಶಿ. ಡೇರಿಯ ಅರ್ಧಕ್ಕೆ ಫೋನ್ ಬರುತ್ತದೆ. “ನಾಳೆ ಬೆಳಿಗ್ಗೆ ಕ್ಯಾನು ತೊಳ್ದಿಡ್ರೋ,” ಎಂದು ಅದು ಉತ್ತರಿಸುತ್ತದೆ. ದ್ರೌಪದಿ, ಹೊರಗಿನಿಂದ ಬಂದ ವೃತ್ತಿ ಕಲಾವಿದೆ, ಮೂಲೆಯಲ್ಲಿ ಸ್ಟೀಲ್ ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದಾರೆ. ಕಣ್ಣಿನ ಸುತ್ತ ದಣಿವು ಬಣ್ಣದ ಕೆಳಗೂ ಕಾಣುತ್ತದೆ. ಇಷ್ಟು ಜನ ಹವ್ಯಾಸಿ ವೀರರ ನಡುವೆ ರಾತ್ರಿಯೆಲ್ಲ ದುಡಿಯುವವರು ಅವರೊಬ್ಬರೇ ಎನ್ನಬೇಕು.

ಇದೇ ಲೋಕವನ್ನು ದೋಮಿಯೆಯ ಸಮಕಾಲೀನ ಚಿತ್ರಗಾರ ಗವಾರ್ನಿಯೂ ಪ್ಯಾರಿಸ್ಸಿನ ನೇಪಥ್ಯದಲ್ಲಿ ನಿಂತು 1830ರ ದಶಕದಲ್ಲಿ ಬರೆದ. ಅವನ ಗೆರೆ ನಾಜೂಕು. ನಟಿಯರ ರೇಷ್ಮೆಯ ಮಡಿಕೆಯೂ ಬೇಕು ಅವನಿಗೆ. ದೋಮಿಯೆಗೆ ಬೇಕಾದ್ದು ಮಡಿಕೆಯಲ್ಲ, ಒಳಗಿನ ಮನುಷ್ಯ. ದುರಂತ ನಾಯಕರ ಮುಖಗಳನ್ನೇ ಹಿಡಿದು 1851ರಲ್ಲಿ ಒಂದು ಮಾಲೆ ಮಾಡಿದ: ಮುಪ್ಪಾದ ಸೀಸರುಗಳು, ಹಲ್ಲು ಕಚ್ಚಿದ ರೋಮನ್ನರು, ಕತ್ತು ಉಬ್ಬಿಸಿದ ರಾಣಿಯರು. ಆ ಪುಟ ತೆರೆದು ಬಣ್ಣದ ಮೇಷ್ಟ್ರಿಗೆ ತೋರಿಸುತ್ತೇನೆ. ಅವರು ಕನ್ನಡಕ ಸರಿಮಾಡಿಕೊಂಡು, ವೃತ್ತಿಯವರ ಗಾಂಭೀರ್ಯದಿಂದ ನೋಡುತ್ತಾರೆ.

“ಯಾರ್ರೀ ಇವನಿಗೆ ಟೋಪನ್ ಹಾಕಿದ್ದು? ಕಿವಿ ಮೇಲೆ ಕೂತೇ ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಆದ್ರೂ ಆಸಾಮಿ ಕಂಪನೀಲಿ ಬಹಳ ವರ್ಷ ಇದ್ದವನು. ಕುತ್ತಿಗೆ ನೋಡಿ. ಮೈಕಿಲ್ದೆ ಹಾಡಿರೋ ಕುತ್ತಿಗೆ ಅದು.”

ಯಾವ ಕಲಾ ವಿಮರ್ಶಕನೂ ನನಗೆ ತೋರಿಸಿರದ ಕುತ್ತಿಗೆ!

ಮುಂದಿನ ಪುಟದಲ್ಲಿ 1852ರ ಚಿತ್ರ. ಮೇಲೆ ರಂಗದಲ್ಲಿ ದುರಂತ ನಾಟಕ ನಡೆದಿದೆ. ನಮಗೆ ಕಾಣುವುದು ನಟರ ಕಾಲುಗಳ ಕಡೆಯ ಭಾಗವಷ್ಟೇ. ಕೆಳಗೆ ವಾದ್ಯದವರ ಸಾಲು. ಒಬ್ಬ ಬಾಯಿ ಅಗಲಿಸಿ ಆಕಳಿಸುತ್ತಿದ್ದಾನೆ, ಇನ್ನೊಬ್ಬನಿಗೆ ನಿದ್ದೆಯೇ ಹತ್ತಿದೆ. ತಬಲಾದವರು ಇಣುಕಿ ನೋಡಿ ತೊಡೆ ತಟ್ಟಿ ನಗುತ್ತಾರೆ. “ಮೂರು ಗಂಟೆ ಮೇಲೆ ಬನ್ನಿ ಸಾರ್, ನಮ್ಮನ್ನೂ ಹಿಂಗೇ ಬರೀಬಹುದು.” ಹಾರ್ಮೋನಿಯಂ ಮೇಷ್ಟ್ರಿಗೆ ಈ ಮಾತು ರುಚಿಸಲಿಲ್ಲ, ಕಾಲ್ತಿದಿಯನ್ನು ಜೋರಾಗಿ ಒತ್ತಿ ಶ್ರುತಿ ಎಬ್ಬಿಸುತ್ತಾರೆ.

ಮುಂದಕ್ಕೆ, ಜನದ ನಡುವೆ ಹೋಗಿ ಕೂರುತ್ತೇನೆ. ಮೊದಲ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಶಾಲು ಹೊದ್ದ ಗಣ್ಯರು. ಹಿಂದೆ ಚಾಪೆ, ಕಂಬಳಿ, ತಾಡಪಾಲು. ಅದಕ್ಕೂ ಹಿಂದೆ ಬೈಕುಗಳ ಮೇಲೆ ಹುಡುಗರು. ತೋಟದಂಚಿನಲ್ಲಿ ಮಂಡಕ್ಕಿ, ಬೋಂಡದ ಗಾಡಿಗಳ ಹಳದಿ ದೀಪ. ಕಾದ ಎಣ್ಣೆಯ ಚುರುಗುಟ್ಟುವಿಕೆ ನಾಂದಿಪದ್ಯದ ಕೆಳಗೆ ಇನ್ನೊಂದು ತಾಳ ಹಾಕುತ್ತಿದೆ. ಪರದೆ ಏಳುತ್ತದೆ. ಪರದೆಯಲ್ಲಿ ಬರೆದ ಅರಮನೆಯ ಕಂಬಗಳು ದೂರ ದೂರಕ್ಕೆ ಸಣ್ಣಗಾಗುತ್ತ ಓಡುತ್ತವೆ. ಗಾಳಿ ಬೀಸಿದರೆ ಇಡೀ ಹಸ್ತಿನಾವತಿ ಉಸಿರಾಡುತ್ತದೆ.

ದುರ್ಯೋಧನ ಬಂದ. ಬಂದ ಎಂದರೆ ಸಾಲದು. ಗದೆ ಹೊತ್ತು, ಜರಿಯ ಮೇಲಂಗಿ ಬೀಸುತ್ತ, ಮೂರು ಸುತ್ತು ಹಾಕಿ, ಮೈಕಿನ ಮುಂದೆ ನಿಂತು ಕಂದ ಎತ್ತುತ್ತಾನೆ. ಆಲಾಪ ಮೇಲಕ್ಕೆ ಹೋಗುತ್ತದೆ, ಇನ್ನೂ ಮೇಲಕ್ಕೆ, ದನಿ ನಡುಗುತ್ತ ಅಂಚಿನಲ್ಲಿ ನಿಲ್ಲುತ್ತದೆ, ಬೀಳುವುದಿಲ್ಲ. ಬೈಕುಗಳ ಕಡೆಯಿಂದ ಸಿಳ್ಳೆ. “ಒನ್ಸ್ ಮೋರ್!” ಒಬ್ಬ ಓಡಿ ಬಂದು ನೋಟಿನ ಹಾರ ಹಾಕುತ್ತಾನೆ. ಹಿನ್ನೆಲೆಯಿಂದ ಮೈಕು ಅವನ ಹೆಸರು, ಊರು, ಮೊತ್ತ ಸಾರುತ್ತದೆ. ದುರ್ಯೋಧನ ಹಾರ ಸರಿಮಾಡಿಕೊಂಡು ಅದೇ ಪದ್ಯವನ್ನು ಮತ್ತೆ ಮೊದಲಿನಿಂದ ಹಾಡುತ್ತಾನೆ. ಪಾಂಡವರು ಕಾಯುತ್ತಾರೆ.

“ಒನ್ಸ್ ಮೋರ್ ಅಂದೋರೆಲ್ಲ ಅವ್ರ ಭಾವಮೈದ್ನೀರು,” ಪಕ್ಕದ ಅಜ್ಜಿ ಎಲೆಯಡಿಕೆ ಮಡಿಸುತ್ತ ನನ್ನ ಜ್ಞಾನ ಹೆಚ್ಚಿಸುತ್ತಾರೆ.

ಪ್ಯಾರಿಸ್ಸಿನಲ್ಲಿ ಇದು ಭಾವಮೈದುನರ ಕೆಲಸವಾಗಿರಲಿಲ್ಲ, ಸಂಬಳದ ಕೆಲಸವಾಗಿತ್ತು. ‘ಕ್ಲಾಕ್’ ಎಂಬ ಕೂಲಿ ಚಪ್ಪಾಳೆಯ ಪಡೆ. ದೊಡ್ಡ ದೀಪಗುಚ್ಛದ ಕೆಳಗೆ ಕೂರುತ್ತಿದ್ದರಿಂದ ಜನ ಅವರನ್ನು ದೀಪದ ಸರದಾರರು ಎಂದು ಗೇಲಿ ಮಾಡುತ್ತಿದ್ದರು. ನಗುವುದಕ್ಕೆ ಒಬ್ಬರು, ಅಳುವುದಕ್ಕೆ ಒಬ್ಬರು, ಮತ್ತೊಮ್ಮೆ ಎಂದು ಕೂಗುವುದಕ್ಕೇ ಬೇರೆ ಒಬ್ಬರು. ಅಪೇರಾದಲ್ಲಿ ಈ ಪಡೆಯ ನಾಯಕನಾಗಿದ್ದ ಓಗ್ಯುಸ್ತ್ ಎಂಬಾತ ತಾಲೀಮಿಗೇ ಬಂದು ಕೂತು, ಎಲ್ಲಿ ಎಷ್ಟು ಚಪ್ಪಾಳೆ ಎಂದು ಮೊದಲೇ ನಿಗದಿ ಮಾಡುತ್ತಿದ್ದ. ದೋಮಿಯೆ ಅವರ ಅಂಗೈಗಳನ್ನೂ ಬಿಡಲಿಲ್ಲ. ಅವನ ಒಳ್ಳೆಯ ರಂಗಭೂಮಿ ಚಿತ್ರಗಳಲ್ಲಿ ಎಷ್ಟೋ ಕಡೆ ರಂಗವೇ ಇಲ್ಲ, ಬರೀ ಪ್ರೇಕ್ಷಕರು. 1848ರ ಒಂದರಲ್ಲಿ ಐದನೇ ಅಂಕದ ದುಃಖಕ್ಕೆ ಕರಗಿ ಇಡೀ ಗ್ಯಾಲರಿ ಕಣ್ಣೀರಾಗಿದೆ. ಆ ಅಳುವನ್ನು ಅವನು ಗೇಲಿ ಮಾಡುತ್ತಲೇ ಪ್ರೀತಿಸಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಅಷ್ಟು ಎಚ್ಚರದಿಂದ ಬರೆದ ಮುಖಗಳನ್ನು ಬರೀ ತಿರಸ್ಕಾರದಿಂದ ಬರೆಯಲು ಆಗುವುದಿಲ್ಲ.

ತಿರುಗಿ ನೋಡುತ್ತೇನೆ. ರಂಗದ ಬೆಳಕು ಚಾಪೆಗಳ ಮೇಲೆ ಹರಿದಿದೆ. ಬಾಯಿ ತೆರೆದೇ ನಿದ್ದೆ ಹೋದ ಮಗು. ಮೊಣಕಾಲಿಗೆ ಟವೆಲ್ ಬಿಗಿದು ಕೂತು, ತುಟಿಯಲ್ಲೇ ಎಲ್ಲ ಮಾತನ್ನೂ ಮೊದಲೇ ಆಡುತ್ತಿರುವ ಒಬ್ಬ ಮಾಜಿ ಕರ್ಣ. ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದಾಗ ಅಜ್ಜಿಯ ಎಲೆಯಡಿಕೆ ಕೈಯಲ್ಲೇ ನಿಲ್ಲುತ್ತದೆ. “ಅವ್ನ ಕೈ ಸೇದೋಗ!” ಪುರಾಣ ಗೊತ್ತಿದ್ದೂ, ಕೃಷ್ಣ ಬರುತ್ತಾನೆಂದು ಗೊತ್ತಿದ್ದೂ, ದುಶ್ಶಾಸನ ಪಕ್ಕದ ಬೀದಿಯ ಹುಡುಗನೆಂದು ಗೊತ್ತಿದ್ದೂ ಕಣ್ಣು ತುಂಬಿದೆ.

ಇವರನ್ನೆಲ್ಲ ನಮ್ಮಲ್ಲಿ ಯಾರು ಬರೆದರು? ಇಂಡಿಯಾದ ಕಲ್ಲಚ್ಚು ಬೇರೆ ದಾರಿ ಹಿಡಿಯಿತು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿ ಲಕ್ಷ್ಮಿ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ಕಳಿಸಿದ. ಕಂಪನಿ ನಾಟಕದ ದೇವತೆಗಳು ಆ ಪಟಗಳ ಸೀರೆ, ಕಿರೀಟ, ನಿಲುವು ಎಲ್ಲವನ್ನೂ ಎತ್ತಿಕೊಂಡರು. ಪ್ಯಾರಿಸ್ಸಿನ ಕಲ್ಲು ನಟನ ವೇಷ ಕಳಚಿದರೆ ನಮ್ಮ ಕಲ್ಲು ವೇಷ ತೊಡಿಸಿತು. ವ್ಯಂಗ್ಯಚಿತ್ರ ಇರಲಿಲ್ಲವೆಂದಲ್ಲ. ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರುಮಾಡಿದ ‘ಕೊರವಂಜಿ’ ಕಾಲು ಶತಮಾನ ಕನ್ನಡಿಗರನ್ನು ನಗಿಸಿತು, ಆರ್.ಕೆ. ಲಕ್ಷ್ಮಣ್ ಅದಕ್ಕೂ ಚಿತ್ರ ಬರೆದರು. ಆದರೆ ಬಣ್ಣದ ಚೌಕಿಯ ಬಗ್ಗೆ ನಮಗೆ ಉಳಿದಿರುವುದು ಮುಖ್ಯವಾಗಿ ನಟರ ಆತ್ಮಕಥೆಗಳು, ಮತ್ತೆ ಕಣ್ಣು ಮಿಟುಕಿಸದೆ ನಿಂತ ಕಂಪನಿ ಫೋಟೋಗಳು. ಒಬ್ಬ ಗವಾರ್ನಿ ಗುಬ್ಬಿ ಕಂಪನಿಯ ಡೇರೆಯ ಹಿಂದೆ ಬಳಪ ಹಿಡಿದು ಒಂದು ರಾತ್ರಿ ಕಳೆದಿದ್ದರೆ ಏನೇನು ಸಿಗುತ್ತಿತ್ತೋ!

ಕಾಗದದಲ್ಲಿ ಇಲ್ಲದ್ದು ತೊಗಲಿನಲ್ಲಿದೆ ಎನ್ನಿ. ತೊಗಲುಗೊಂಬೆಯಾಟದಲ್ಲಿ ರಾಮನೂ ಸೀತೆಯೂ ಬರುವ ಮುಂಚೆ ಪರದೆಗೆ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ. ವಕ್ರ ಮೂಗು, ಡೊಳ್ಳು ಹೊಟ್ಟೆ, ಎಗ್ಗಿಲ್ಲದ ಬಾಯಿ. ಊರಗೌಡನಿಂದ ಹಿಡಿದು ದೇವರ ತನಕ ಅವರ ನಾಲಿಗೆಗೆ ಸಿಗದವರಿಲ್ಲ. ಮೂಡಲಪಾಯದಲ್ಲಿ ಕೋಡಂಗಿಯೂ ಅದೇ ಕುಲ. ದೋಮಿಯೆ ಇವರನ್ನು ನೋಡಿದ್ದರೆ ತನ್ನ ಮಾಕೇರನಿಗೆ ಅಣ್ಣ ತಮ್ಮಂದಿರು ಸಿಕ್ಕರೆಂದು ಕುಣಿಯುತ್ತಿದ್ದ.

ಮೂರು ಗಂಟೆ ದಾಟಿದೆ. ತಬಲಾದವರು ಮಾತಿಗೆ ತಪ್ಪಲಿಲ್ಲ. ಗದಾಯುದ್ಧಕ್ಕೆ ಮುಂಚಿನ ದೀರ್ಘ ಸಂವಾದದಲ್ಲಿ ಅವರ ಗದ್ದ ಎದೆಗೆ ಇಳಿದಿದೆ, ಬೆರಳು ಮಾತ್ರ ತಾಳ ತಪ್ಪದೆ ಆಡುತ್ತಿವೆ. ಭೀಮನ ಹುಬ್ಬು ಬೆವರಿಗೆ ಇಳಿದು ಕೆನ್ನೆಗೆ ಬಂದಿದೆ. ದುರ್ಯೋಧನನಿಗೆ ಸಾಯಲು ಮನಸ್ಸಿಲ್ಲ. ತೊಡೆ ಮುರಿದ ಮೇಲೂ ಎರಡು ಪದ್ಯ ಹಾಡುತ್ತಾನೆ; ಕೊಟ್ಟ ದುಡ್ಡು ಪೂರ್ತಿ ವಸೂಲಾಗುವ ತನಕ ಯಾವ ಕೃಷ್ಣನೂ ಅವನನ್ನು ಕೊಲ್ಲಲಾರ. ಕೊನೆಗೆ ತೆಂಗಿನ ತಲೆಗಳ ಹಿಂದೆ ಆಕಾಶ ಬೂದಿಯಾಗಿ, ಆಮೇಲೆ ತಿಳಿಗೆಂಪಾಗುವ ಹೊತ್ತಿಗೆ ಮಂಗಳ.

ರಂಗದ ಹಿಂದೆ ಬಕೆಟ್ ನೀರಿನ ಮುಂದೆ ಕೌರವರೂ ಪಾಂಡವರೂ ಸಾಲಾಗಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಮುಖ ಉಜ್ಜುತ್ತಿದ್ದಾರೆ. ನೀರು ಬಣ್ಣಕ್ಕೆ ಸೇರುವುದಿಲ್ಲ, ಎಣ್ಣೆಯೇ ಬೇಕು. ಸೀನರಿಯವರು ಹಸ್ತಿನಾವತಿಯನ್ನು ಸುತ್ತಿ ಲಾರಿಗೆ ಏರಿಸುತ್ತಿದ್ದಾರೆ. ಭೀಮ ಡೇರಿಗೆ ಓಡಿದ. ದ್ರೌಪದಿ ಸಂಭಾವನೆ ಎಣಿಸಿ, ಒಂದು ನೋಟು ವಾಪಸ್ ಕೊಟ್ಟು, “ಹರಿದಿರೋದು ಬೇಡಣ್ಣ, ಬೇರೆ ಕೊಡಿ,” ಎನ್ನುತ್ತಿದ್ದಾರೆ. ದುರ್ಯೋಧನ ನನ್ನ ಪುಸ್ತಕ ಕೇಳಿ ಪಡೆದು, ಎಣ್ಣೆ ಕೈ ತಾಗದಂತೆ ಮೊಣಕೈಯಲ್ಲಿ ಪುಟ ತಿರುವುತ್ತಾನೆ. ಮೆನೆಲಾಸನ ಹೊಟ್ಟೆ ನೋಡಿ ತನ್ನದನ್ನೂ ಒಮ್ಮೆ ನೋಡಿಕೊಳ್ಳುತ್ತಾನೆ.

“ಬಿಡಿ ಸಾರ್, ಬರಿಯೋದು ನೋಡೋದು ಆಯ್ತು. ಮುಂದಿನ ವರ್ಷ ನೀವೇ ಒಂದು ಪಾತ್ರ ತಗಳಿ. ವಿದುರ ಖಾಲಿ ಐತೆ. ಪದ್ಯ ಕಮ್ಮಿ, ರೇಟೂ ಕಮ್ಮಿ.”